ಓದದ ಕಡತ, ಉಳಿಯಬೇಕಾದ ಪ್ರತಿ

ತಾಳೆಗರಿಯ ಹಸ್ತಪ್ರತಿಯನ್ನು ಡಿಜಿಟಲೀಕರಿಸಿದೊಡನೆ ಅದು ಸುರಕ್ಷಿತವಾಯಿತೆಂದು ಸಂಶೋಧಕರು ಭಾವಿಸುವುದುಂಟು. ಆ ಚಿತ್ರಗಳು ಮುಂದೆ ಎಲ್ಲಿರುತ್ತವೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ದೊಡ್ಡ ಗಣಕ ಭಂಡಾರಗಳಲ್ಲಿ, ಬಹುಕಾಲ ಯಾರೂ ತೆರೆಯದ ಕಡತವನ್ನು ವೇಗದ ಡಿಸ್ಕಿನಿಂದ ನಿಧಾನವಾದ, ಅಗ್ಗದ ಕಾಂತೀಯ ಟೇಪಿಗೆ ತಂತ್ರಾಂಶವೇ ಸಾಗಿಸುತ್ತದೆ. ಐಬಿಎಂ ಸಂಸ್ಥೆಯು 1970ರ ದಶಕದಲ್ಲಿ ತನ್ನ ಬೃಹತ್ ಗಣಕಗಳಿಗೆ ರೂಪಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಡಿಸ್ಕಿನಲ್ಲಿ ಕಡತದ ಹೆಸರು, ಅದು ಇರುವೆಡೆಯ ಗುರುತು ಮಾತ್ರ ಉಳಿಯುತ್ತವೆ. ಓದುಗನು ಆ ಹೆಸರನ್ನು ತೆರೆದರೆ ಟೇಪಿನಿಂದ ಕಡತ ಮರಳಿ ಬರುತ್ತದೆ. ಕ್ಷಣದಲ್ಲಿ ಆಗಬೇಕಾದುದಕ್ಕೆ ಕೆಲವು ನಿಮಿಷ ಕಾಯಬೇಕು, ಅಷ್ಟೆ. ಕಡತದೊಳಗೆ ಏನಿದೆಯೆಂಬುದನ್ನು ತಂತ್ರಾಂಶವು ಅರಿಯದು. ಕೊನೆಯ ಬಾರಿ ತೆರೆದ ದಿನಾಂಕ, ಗಾತ್ರ ಇಂಥವನ್ನೇ ಅದು ಪರಿಗಣಿಸುತ್ತದೆ.

ಓದುಗರಿಲ್ಲದ ಮಾತ್ರಕ್ಕೆ ಗ್ರಂಥದ ಮಹತ್ತ್ವ ಕುಂದುವುದಿಲ್ಲವೆಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ಕನ್ನಡ ಲಿಪಿಯಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳು ಅಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕಾರ್ಯ ಮೊದಲಾಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಅಷ್ಟರಲ್ಲಿ ಕೆಲವು ಗರಿಗಳು ಶಿಥಿಲಗೊಂಡಿದ್ದವು. ಆ ಗರಿಗಳಲ್ಲಿದ್ದುದನ್ನು ತುಂಬಿಕೊಳ್ಳಲು ಬೇರೆಡೆ ಮತ್ತೊಂದು ಪ್ರಾಚೀನ ಪ್ರತಿ ಇರಲಿಲ್ಲ.

ಟೇಪಿನ ಭಂಡಾರಕ್ಕೂ ಇದೇ ಅಪಾಯವಿದೆ. ಎಲ್‌ಟಿಒ ಎಂಬ ಪ್ರಚಲಿತ ಬಗೆಯಲ್ಲಿ ಎಂಟನೆಯ ತಲೆಮಾರಿನ ಯಂತ್ರವು ಆರನೆಯ ತಲೆಮಾರಿನ ಟೇಪನ್ನು ಓದಲಾರದು. ಹಳೆಯ ಯಂತ್ರ ಕೆಡುವ ಮೊದಲೇ ಹೊಸ ಟೇಪಿಗೆ ಮರುಪ್ರತಿ ಮಾಡದಿದ್ದರೆ, ಡಿಸ್ಕಿನಲ್ಲಿರುವ ಹೆಸರು ತೆರೆಯಲಾರದ ಪೆಟ್ಟಿಗೆಯ ಮೇಲಿನ ಚೀಟಿಯಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಸಾಗಿಸುವುದು ಬೇರೆ, ಪ್ರತಿ ಮಾಡುವುದು ಬೇರೆ. ಡಿಸ್ಕಿನಿಂದ ಟೇಪಿಗೆ ಸಾಗಿದ ಕಡತವು ಸ್ಥಳವನ್ನಷ್ಟೇ ಬದಲಿಸಿರುತ್ತದೆ. ಬೇರೊಂದು ಪ್ರತಿಯನ್ನು ಪ್ರತ್ಯೇಕವಾಗಿ ಮಾಡಿರಿಸದಿದ್ದರೆ ಅದು ಒಂಟಿಯಾಗಿಯೇ ಉಳಿಯುತ್ತದೆ.

ಜೈನ ಪರಂಪರೆ ಈ ಭೇದವನ್ನು ಅರಿತಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ವನ್ನು ಒಂದು ಭಂಡಾರದಿಂದ ಇನ್ನೊಂದಕ್ಕೆ ಸಾಗಿಸಲಿಲ್ಲ. ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹಸ್ತಪ್ರತಿಗಳ ಚಿತ್ರಗಳನ್ನು ಗಣಕ ಭಂಡಾರಕ್ಕೆ ಒಪ್ಪಿಸುವ ಸಂಸ್ಥೆಗಳು, ಅವು ಎಷ್ಟು ಪ್ರತಿಗಳಾಗಿ ಎಲ್ಲೆಲ್ಲಿವೆ, ಮುಂದಿನ ಮರುಪ್ರತಿ ಎಂದು ಎಂಬುದನ್ನು ಗ್ರಂಥಸೂಚಿಯಲ್ಲಿಯೇ ದಾಖಲಿಸುವುದು ಇಂದಿನ ಶಾಸ್ತ್ರದಾನವಾದೀತು.