ಬಾಗಿಲಿಂದ ಹಿಮಕ್ಕೆ ಎಷ್ಟು ಹೆಜ್ಜೆ?

‘ಸ್ಕೀ ಲಿಫ್ಟಿಗೆ ಬರೀ 200 ಮೀಟರ್’ ಅಂತ ಆ ಫ್ಲ್ಯಾಟಿನ ಜಾಹೀರಾತಿನಲ್ಲಿ ಬರೆದಿತ್ತು. ಸುಳ್ಳೇನಲ್ಲ, 200 ಮೀಟರೇ. ಆದರೆ ಅದರಲ್ಲಿ ಅರ್ಧ ಮೆಟ್ಟಿಲು, ಉಳಿದರ್ಧ ಏರು ಅನ್ನೋದನ್ನು ಮಾತ್ರ ಬರೆದಿರಲಿಲ್ಲ.

ನಾವಿರೋದು ಜಿನೀವಾದಲ್ಲಿ. ಚಳಿಗಾಲ ಬಂತೆಂದರೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಸ್ಕೀಯಿಂಗ್ ಮಾತು. ಮಗಳ ಶಾಲೆಯಲ್ಲೂ ಅದೇ. ಸರಿ, ನಾವೂ ನೋಡೋಣ ಅಂತ ಮೊದಲ ಸಲ ಫ್ರಾನ್ಸಿನ ಆಲ್ಪ್ಸ್ ಕಣಿವೆಯ ಒಂದು ಊರಿನಲ್ಲಿ ವಾರದ ಮಟ್ಟಿಗೆ ಮನೆ ಹಿಡಿದೆವು. ಹಿಡಿದದ್ದು ನಾನೇ. ಬಾಡಿಗೆ ಕಡಿಮೆ ಇರೋದನ್ನು ಮೇಲಿಟ್ಟುಕೊಂಡು ಹುಡುಕಿದೆ, ಮೂರನೆಯದನ್ನು ಬುಕ್ ಮಾಡಿದೆ. ಅಷ್ಟೇ ನನ್ನ ಸಂಶೋಧನೆ.

ಸ್ಕೀ ಬೂಟು ಹಾಕಿ ನಡೆದವರಿಗೆ ಮಾತ್ರ ಗೊತ್ತು ಆ ಕಷ್ಟ. ಪಾದ ಮಡಚೋದಿಲ್ಲ, ಹಿಮ್ಮಡಿ ಏಳೋದಿಲ್ಲ. ಕಾಲಿನ ಬೂಟು, ಹೆಗಲಿನ ಸ್ಕೀ ಎರಡೂ ಸೇರಿದರೆ ಎಂಟು-ಹತ್ತು ಕೆ.ಜಿ. ಆಗುತ್ತೆ. ಜೊತೆಗೆ ಮಗುವಿನ ಸ್ಕೀ ಬೇರೆ. ಬೆಳಗ್ಗೆ ಹೇಗೋ ಉತ್ಸಾಹದಲ್ಲಿ ಹೋಗಿಬಿಡ್ತೀವಿ. ಸಂಜೆ ನಾಲ್ಕೂವರೆಗೆ ತೊಡೆ ನಡುಗ್ತಿರುವಾಗ, ಹಗಲು ಕರಗಿದ ಹಿಮ ಮತ್ತೆ ಗಾಜಾಗುವ ಹೊತ್ತಿಗೆ, ಅದೇ ಮೆಟ್ಟಿಲು ಇಳಿಯಬೇಕಲ್ಲ! ನಾಲ್ಕನೇ ದಿನ ನಮ್ಮನೆಯವರು ಅಲ್ಲೇ ಜಾರಿ ಬಿದ್ದರು. ಮಂಡಿ ತಿರುಚಿತು. ಉಳಿದ ದಿನಗಳು ಸೋಫಾದ ಮೇಲೆ, ಮಂಡಿಗೆ ಐಸ್ ಇಟ್ಟುಕೊಂಡು. ಯಾರು ಹುಡುಕಿದ ಮನೆ ಅಂತ ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಅಂತ ನನಗನ್ನಿಸಿತ್ತು.

ಮರುವರ್ಷ ಸಾಗರದಿಂದ ಅಮ್ಮ ಬಂದಳು, ಮೂರು ತಿಂಗಳಿಗೆ ಅಂತ. ಮಲೆನಾಡಿನ ಜಡಿಮಳೆಯಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಸರಸರ ಓಡಾಡುತ್ತಿದ್ದವಳು ಇಲ್ಲಿ ಮನೆಯಿಂದ ಹೊರಗೇ ಬರ್ತಿರಲಿಲ್ಲ. ‘ಜಾರಿ ಬಿದ್ರೆ ನಿಮಗೇ ಕಷ್ಟ’ ಅನ್ನೋಳು. ಮಗಳಿಗೆ ಸ್ಕೀ ರಜೆ ಬಂದಾಗ, ‘ನೀವು ಮೂರೂ ಜನ ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂದಳು. ಭಾಷೆ ಬಾರದ ಊರಿನಲ್ಲಿ, ನಾಲ್ಕನೇ ಮಹಡಿಯಲ್ಲಿ, ಒಂದು ವಾರ ಒಬ್ಬಳೇ? ಕರೆದುಕೊಂಡು ಹೋದರೂ ನಾವು ಗುಡ್ಡದ ಮೇಲೆ, ಅವಳು ಕೋಣೆಯೊಳಗೆ. ಅದೂ ಒಂದೇ, ಇದೂ ಒಂದೇ.

ಒಂದು ಸಂಜೆ ನಾನು ಲ್ಯಾಪ್‌ಟಾಪ್ ತೆರೆದು ಮನೆ ಹುಡುಕ್ತಿದ್ದೆ. ಅಮ್ಮ ಪಕ್ಕದಲ್ಲಿ ಬೀನ್ಸ್ ನಾರು ತೆಗೀತಿದ್ದಳು. ಹಿಂದಿನ ವರ್ಷದ 200 ಮೀಟರ್ ಕಥೆ ಹೇಳಿದೆ. ನಕ್ಕಳು. ‘ನಾನು ಮದುವೆಯಾಗಿ ಬಂದಾಗ ನಿನ್ನ ಅಜ್ಜನೂ ಹಂಗೇ ಹೇಳಿದ್ರು, ಬಾವಿ ಇಲ್ಲೇ ಹತ್ರ ಅಂತ. ಹೇಳಿದ್ದು ಅವರು, ಹೊತ್ತಿದ್ದು ನಾನು. ಬಾವಿ ಎಷ್ಟು ದೂರ ಅಂತ ಕೊಡ ಹೊರೋರನ್ನ ಕೇಳ್ಬೇಕು ಮಾರಾಯ್ತಿ.’

ಅಂದು ರಾತ್ರಿ ನಾನು ಹುಡುಕೋ ರೀತಿಯನ್ನೇ ಬದಲಿಸಿದೆ. ಬಾಡಿಗೆ ಎಷ್ಟು ಅನ್ನೋದಕ್ಕೆ ಮೊದಲು, ನಮ್ಮಲ್ಲಿ ಕೊಡ ಹೊರೋರು ಯಾರು ಅಂತ ಬರೆದುಕೊಂಡೆ. ಏಳು ವರ್ಷದ ಮಗಳು, ಈಗಷ್ಟೇ ಕಲಿಯುತ್ತಿರುವವಳು. ಮಂಡಿ ನೋವಿನ ಗಂಡ. ಸ್ಕೀಯನ್ನು ಮುಟ್ಟದ ಅಮ್ಮ. ಈ ಮೂವರನ್ನು ಮುಂದಿಟ್ಟುಕೊಂಡು ನೋಡಿದಾಗ, ‘ಸ್ಕೀ-ಇನ್ ಸ್ಕೀ-ಔಟ್’ ಅಂತ ಎಲ್ಲರೂ ಬರೆಯುವ ಮಾತಿನೊಳಗೆ ಎಷ್ಟೆಲ್ಲ ಅಡಗಿದೆ ಅಂತ ಗೊತ್ತಾಯ್ತು.

ಆ ಮಾತಿನ ಅರ್ಥ ಸುಲಭ. ಬಾಗಿಲಲ್ಲೇ ಸ್ಕೀ ಕಟ್ಟಿಕೊಂಡು ಹೊರಡೋದು, ಸಂಜೆ ಜಾರಿಕೊಂಡೇ ಬಾಗಿಲಿಗೆ ಬರೋದು. ಆದರೆ ಎಷ್ಟೋ ಕಡೆ ಇದರಲ್ಲಿ ಒಂದೇ ನಿಜ. ಮನೆ ಇಳಿಜಾರಿನ ಕೆಳಗಿದ್ದರೆ ಜಾರಿ ಬರಬಹುದು, ಹೊರಡುವಾಗ ಲಿಫ್ಟಿನವರೆಗೆ ಹೊತ್ತು ನಡೆಯಬೇಕು. ಲಿಫ್ಟಿಗಿಂತ ಮೇಲಿದ್ದರೆ ಬೆಳಗ್ಗೆ ಸುಖ, ಸಂಜೆ ಪಾಡು. ಹಾಗಾಗಿ ಮನೆಯವರಿಗೆ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ: ಹೋಗುವಾಗ ಎಷ್ಟು ನಡೆಯಬೇಕು, ಬರುವಾಗ ಎಷ್ಟು? ಮೆಟ್ಟಿಲು ಎಷ್ಟು ಅಂತಲೂ ಕೇಳಿ.

ಆಮೇಲೆ ಬಣ್ಣ. ಫ್ರಾನ್ಸಿನಲ್ಲಿ ಜಾರುದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಅಂತ ನಾಲ್ಕು ಬಣ್ಣ. ಹಸಿರು ಎಲ್ಲಕ್ಕಿಂತ ಸುಲಭ, ಕಪ್ಪು ಕಡುಕಷ್ಟ. ಬಾಗಿಲ ಮುಂದೆಯೇ ದಾರಿ ಇದ್ದರೂ ಅದು ಕೆಂಪಾಗಿದ್ದರೆ ಕಲಿಯುವವರಿಗೆ ಅದು ಬಾಗಿಲಲ್ಲ, ಗೋಡೆ. ಪ್ರತಿ ಸ್ಕೀ ಊರಿನ ನಕ್ಷೆಯೂ ಆನ್‌ಲೈನಲ್ಲಿ ಸಿಗುತ್ತೆ. ಮನೆ ಎಲ್ಲಿದೆ ಅಂತ ಅದರ ಮೇಲೆ ಬೆರಳಿಟ್ಟು ನೋಡಿ, ಪಕ್ಕದ ಗೆರೆ ಯಾವ ಬಣ್ಣ ಅಂತ ನೋಡಿ.

ಮೂರನೆಯದು ಎತ್ತರ. ಪ್ರತಿ ಸಾವಿರ ಮೀಟರ್ ಏರಿದಾಗ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತೆ. ಸಾವಿರ ಮೀಟರಿನ ಊರಿನಲ್ಲಿ ಮಳೆ ಬೀಳುವಾಗ 1,800 ಮೀಟರಿನಲ್ಲಿ ಹಿಮ ಬೀಳಬಹುದು. ಕೆಳಗಿನ ಊರುಗಳಲ್ಲಿ ಹಿಮ ಕರಗಿದರೆ ಮೊದಲು ಮುಚ್ಚೋದೇ ಊರಿಗೆ ಮರಳುವ ಜಾರುದಾರಿ. ಆಗ ‘ಬಾಗಿಲಿಗೇ ಹಿಮ’ ಅನ್ನೋದು ಫೋಟೋದಲ್ಲಿ ಮಾತ್ರ ಉಳಿಯುತ್ತೆ.

ಇಷ್ಟೆಲ್ಲ ನೋಡಿ ನಾವು ಆರಿಸಿದ್ದು ಅವೋರಿಯಾಜ್. ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ, 1,800 ಮೀಟರ್ ಎತ್ತರದಲ್ಲಿರುವ ಊರು. ಊರು ಅನ್ನೋದಕ್ಕಿಂತ, ಸ್ಕೀಗಾಗಿಯೇ ಕಟ್ಟಿದ್ದು ಅನ್ನಬೇಕು. 1960ರ ಒಲಿಂಪಿಕ್ಸಿನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದ ಜಾನ್ ವುವಾರ್ನೆ ಅವರು ಕೆಳಗಿನ ಮೊರ್ಝೀನ್ ಊರಿನಲ್ಲಿ ಬೆಳೆದವರು. ಈ ಪ್ರಸ್ಥಭೂಮಿಯಲ್ಲಿ ಹೊಸ ಊರು ಕಟ್ಟುವ ಕನಸು ಅವರದು. ಝಾಕ್ ಲಾಬ್ರೊ ಮತ್ತು ಜೊತೆಗಾರ ವಾಸ್ತುಶಿಲ್ಪಿಗಳು ಮರದ ಹಲಗೆ ಹೊದಿಸಿದ, ಬಂಡೆಯ ಹಾಗೆ ಕಾಣುವ ಕಟ್ಟಡಗಳನ್ನು ರೂಪಿಸಿದರು. 1966ರಲ್ಲಿ ತೆರೆದಾಗಿನಿಂದ ಊರೊಳಗೆ ಕಾರಿಗೆ ಪ್ರವೇಶವಿಲ್ಲ. ಕಾರನ್ನು ಊರಬಾಗಿಲಲ್ಲೇ ನಿಲ್ಲಿಸಬೇಕು, ಇಲ್ಲವೇ ಕೆಳಗೆ ಬಿಟ್ಟು ಕೇಬಲ್ ಕಾರಿನಲ್ಲಿ ಮೇಲೇರಬೇಕು. ಅಲ್ಲಿಂದ ಸಾಮಾನು, ಮನುಷ್ಯರನ್ನು ಒಯ್ಯೋಕೆ ಕುದುರೆ ಎಳೆಯುವ ಹಿಮಗಾಡಿಗಳಿವೆ. ಊರಿನ ಬೀದಿಗಳ ಮೇಲೆಯೇ ಹಿಮ, ಅದರ ಮೇಲೆಯೇ ಸ್ಕೀ.

ಬಾಡಿಗೆ ಮಾತ್ರ ಹಿಂದಿನ ವರ್ಷದ ಒಂದೂವರೆ ಪಟ್ಟು! ಫ್ರಾನ್ಸಿನ ಶಾಲೆಗಳಿಗೆ ಚಳಿಗಾಲದ ರಜೆ ಮೂರು ವಲಯಗಳಾಗಿ ಬೇರೆ ಬೇರೆ ವಾರ ಬರುತ್ತೆ. ಫೆಬ್ರವರಿಯಿಂದ ಮಾರ್ಚ್ ಮೊದಲವರೆಗಿನ ಆ ವಾರಗಳಲ್ಲಿ ಬೆಲೆ ಆಕಾಶದಲ್ಲಿ. ಮಕ್ಕಳ ಶಾಲೆಯ ಗೊಡವೆ ಇಲ್ಲದವರು ಹೊಸವರ್ಷ ಕಳೆದ ಮೇಲಿನ ಜನವರಿಯನ್ನೋ, ಮಾರ್ಚ್ ನಡುವನ್ನೋ ನೋಡಿ. ನಮಗೆ ಆ ದಾರಿ ಇರಲಿಲ್ಲ. ಅದಕ್ಕೇ ಜಾಗ ಬಿಡದೆ ಮನೆ ಚಿಕ್ಕದು ಮಾಡಿಕೊಂಡೆವು. ಒಂದೇ ಕೋಣೆ, ಮೂಲೆಯಲ್ಲಿ ರೈಲಿನ ಬರ್ತಿನಂಥ ಎರಡು ಮಂಚ, ಕಿಟಕಿ ಪಕ್ಕದ ಸೋಫಾ ಅಮ್ಮನಿಗೆ. ಅಡುಗೆಯ ವಿಷಯ ಒಂದು ಹೇಳಿಬಿಡ್ತೀನಿ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯೋದರಿಂದ ಬೇಳೆ ಬೇಯೋದು ನಿಧಾನ. ಕುಕ್ಕರ್ ಒಯ್ಯಿರಿ. ಆದರೆ ಒಲೆ ಇಂಡಕ್ಷನ್ನಾ ಅಂತ ಮೊದಲೇ ಕೇಳಿ. ನಮ್ಮ ಊರಿನ ಅಲ್ಯೂಮಿನಿಯಂ ಕುಕ್ಕರ್ ಅಲ್ಲಿ ಬರೀ ಅಲಂಕಾರಕ್ಕಾಯ್ತು. ಮೊದಲ ದಿನದ ಸಾರಿನಲ್ಲಿ ಬೇಳೆ ಎಣಿಸಬಹುದಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿಯೂ ನಾನು ಒಂದು ಕಡೆ ತಪ್ಪಿದ್ದೆ. ಬಾಗಿಲು ತೆರೆದರೆ ಹಸಿರು ಗುರುತಿನ ಸುಲಭದ ದಾರಿ. ಮಗಳಿಗೆ ಸ್ವರ್ಗ, ಗಂಡನ ಮಂಡಿಗೆ ಸಮಾಧಾನ. ಆದರೆ ಸ್ಕೀ ಮಾಡುವವರಿಗೆ ಬಾಗಿಲಲ್ಲೇ ದಾರಿ ಅಂದರೆ ನಡೆಯುವವರಿಗೆ ಬಾಗಿಲಲ್ಲೇ ಹೆದ್ದಾರಿ! ಅಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ‘ನಿಮ್ಮೂರಲ್ಲಿ ಕಾರಿಲ್ಲ, ಸರಿ. ಮನುಷ್ಯರೇ ಕಾರಿನ ಹಂಗೆ ಬರ್ತಾರಲ್ಲೇ!’ ಅಂದು ಒಳಗೆ ಹೋದಳು. ಮೊದಲ ದಿನ ಪೂರ್ತಿ ಕಿಟಕಿಯಲ್ಲೇ ಕೂತಿದ್ದಳು.

ಮರುದಿನ ಬೆಳಗ್ಗೆ ಲಿಫ್ಟುಗಳು ಶುರುವಾಗುವ ಮೊದಲು ನಮ್ಮನೆಯವರೇ, ‘ಅತ್ತೆ, ಬನ್ನಿ, ಈಗ ಯಾರೂ ಇರಲ್ಲ’ ಅಂತ ಹೊರಡಿಸಿದರು. ಶೂಗೆ ತೊಡಿಸುವ ರಬ್ಬರಿನ ಮುಳ್ಳುಪಟ್ಟಿ ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಹಾಕಿಸಿದೆವು. ಕಟ್ಟಡದ ಹಿಂಬಾಗಿಲಿಂದ ಹೊರಟರೆ ನಡೆಯುವವರ ಹಾದಿ ಇತ್ತು, ಎಲ್ಲೂ ಜಾರುದಾರಿ ದಾಟಬೇಕಿರಲಿಲ್ಲ. ಅದು ಊರಿನ ನಡುವೆ ಮಕ್ಕಳ ಸ್ಕೀ ಶಾಲೆಯವರೆಗೂ ಹೋಗುತ್ತೆ. ನಡೆಯುವವರು ಯಾವಾಗಲೂ ಅಂಚಿನಲ್ಲೇ ಇರಬೇಕು ಅನ್ನೋದು ಅಂತರರಾಷ್ಟ್ರೀಯ ಸ್ಕೀ ಫೆಡರೇಶನ್ನಿನ ನಿಯಮ. ಮೇಲಿನಿಂದ ಬರುವವರೇ ಕೆಳಗಿನವರನ್ನು ತಪ್ಪಿಸಿಕೊಂಡು ಹೋಗಬೇಕು ಅನ್ನೋದೂ ಅದರಲ್ಲೇ ಇದೆ. ಅಮ್ಮನಿಗೆ ಅದನ್ನು ಹೇಳಿದೆ. ‘ನಿಯಮ ಅವರಿಗೂ ಗೊತ್ತಿದ್ಯಾ?’ ಅಂದಳು. ಆದರೂ ಅಂದು ಎರಡು ಸಲ ಹೋಗಿಬಂದಳು. ಸ್ಕೀ ಶಾಲೆಯ ಫಾರಂನಲ್ಲಿ, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಅವಳ ಹೆಸರನ್ನೂ ಬರೆದೆ. ಸುಮ್ಮನೆ, ಇರಲಿ ಅಂತ.

ನಾಲ್ಕನೇ ದಿನ ನಾವಿಬ್ಬರೂ ಪಕ್ಕದ ಲೆ ಲಿಂಡಾರೆಗೆ ಇಳಿದಿದ್ದೆವು. ಬೇಸಿಗೆಯಲ್ಲಿ ಆಡುಗಳು ಬೀದಿ ತುಂಬ ಓಡಾಡುವ ಪುಟ್ಟ ಹಳ್ಳಿ ಅದು. ಚಳಿಗಾಲದಲ್ಲಿ ಅಲ್ಲಿಂದ ಅವೋರಿಯಾಜಿಗೆ ಮರಳೋದು ಚೇರ್‌ಲಿಫ್ಟಿನಲ್ಲೇ. ಮೂರು ಗಂಟೆಗೆ ಗಾಳಿ ಎದ್ದಿತು. ಲಿಫ್ಟ್ ನಿಂತಿತು. ಮಗಳ ತರಗತಿ ಮುಗಿಯೋಕೆ ಮುಕ್ಕಾಲು ಗಂಟೆ ಇತ್ತು. ಸರದಿಯಲ್ಲಿ ನಿಂತವರು ಗಡಿಯಾರ ನೋಡ್ತಿದ್ದರು. ನನ್ನ ಎದೆ ಹೊಡೆದುಕೊಳ್ತಿತ್ತು. ಹಿಂದಿನ ವರ್ಷದ ಮೆಟ್ಟಿಲುಗಳೆಲ್ಲ ಕಣ್ಣ ಮುಂದೆ ಬಂದವು. ಅಮ್ಮನಿಗೆ ಫೋನ್ ಮಾಡಿದೆ. ಹೋಗು ಅಂತ ಹೇಳೋಕೆ ಬಾಯಿ ಬರಲಿಲ್ಲ. ಅವಳೇ ಅಂದಳು, ‘ನೀನು ಗಾಬರಿ ಆಗ್ಬೇಡ. ನಾನು ಕರ್ಕಂಡ್ ಬರ್ತೀನಿ.’

ನಾವು ಮನೆ ಮುಟ್ಟಿದಾಗ ಐದೂಕಾಲು. ಕಿಟಕಿ ಪಕ್ಕ ಅಜ್ಜಿ-ಮೊಮ್ಮಗಳು ಕೂತು ಬಿಸಿ ಹಾಲಿಗೆ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು. ‘ಅಮ್ಮಮ್ಮ ನನ್ನ ಸ್ಕೀನೂ ಹಿಡ್ಕೊಂಡ್ರು’ ಅಂದಳು ಮಗಳು. ಅಮ್ಮ ಏನೂ ದೊಡ್ಡ ಸಂಗತಿ ಅಲ್ಲ ಅನ್ನೋ ಹಾಗೆ ಲೋಟ ಕೆಳಗಿಟ್ಟಳು. ‘ಇನ್ನೂರ ಹನ್ನೆರಡು ಹೆಜ್ಜೆ. ಮೆಟ್ಟಿಲು ಒಂದೂ ಇಲ್ಲ.’

ಹಣ ಹೆಚ್ಚು ಕೊಟ್ಟದ್ದು ಯಾಕೆ ಅನ್ನೋದಕ್ಕೆ ನನಗೆ ಆಗ ಉತ್ತರ ಸಿಕ್ಕಿತು. ಉಳಿದ ದಿನಗಳಲ್ಲಿ ಮಗಳನ್ನು ಕರೆತರುವ ಕೆಲಸ ಅವಳದೇ ಆಯ್ತು. ನಾವು ಕೇಳಲಿಲ್ಲ, ಅವಳು ಬಿಟ್ಟುಕೊಡಲಿಲ್ಲ.

ಆಲ್ಪ್ಸ್ ತನಕ ಹೋಗದವರೂ ಈ ಪ್ರಶ್ನೆಗಳನ್ನು ಇಟ್ಟುಕೊಳ್ಳಬಹುದು. ಬೆಂಗಳೂರಿನಿಂದ ಈಗ ಎಷ್ಟೊಂದು ಜನ ಗುಲ್ಮಾರ್ಗಿಗೆ ಹೋಗ್ತಾರೆ. ಅಲ್ಲಿ ‘ಗೊಂಡೋಲಾ ಹತ್ತಿರದ ಹೋಟೆಲ್’ ಅಂತ ಹುಡುಕೋದು ರೂಢಿ. ಆ ಗೊಂಡೋಲಾ ಎರಡು ಹಂತದಲ್ಲಿ ಕೊಂಗ್ದೂರಿಗೆ, ಅಲ್ಲಿಂದ 3,900 ಮೀಟರ್ ದಾಟಿ ಅಫರ್ವಟ್ ಕಡೆಗೆ ಒಯ್ಯುತ್ತೆ. ಹೊಸದಾಗಿ ಕಲಿಯುವವರಿಗೆ ಪಾಠ ನಡೆಯೋದು ಕೆಳಗಿನ ಬಯಲಿನ ಸಣ್ಣ ಇಳಿಜಾರುಗಳಲ್ಲಿ. ಹಾಗಾಗಿ ನಿಮ್ಮ ಕಲಿಸುವವರು ಎಲ್ಲಿ ನಿಂತಿರ್ತಾರೆ ಅಂತ ಕೇಳಿ, ಅಲ್ಲಿಂದ ಹೋಟೆಲಿನ ದೂರ ಅಳೆಯಿರಿ. ಹಿಮ ಬಿದ್ದಾಗ ಟಂಗ್‌ಮಾರ್ಗಿನಿಂದ ಮೇಲಕ್ಕೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ಅದು ಹೋಟೆಲ್ ಬಾಗಿಲಿಗೇ ಬಿಡುತ್ತಾ, ರಸ್ತೆಯಲ್ಲೇ ಇಳಿಸುತ್ತಾ ಅನ್ನೋದನ್ನೂ ಕೇಳಿ. ಜೊತೆಗೆ ಅಪ್ಪ-ಅಮ್ಮ ಬರ್ತಿದ್ದರೆ ಅದನ್ನೇ ಮೊದಲು ಕೇಳಿ.

ಅಮ್ಮ ಈಗ ಸಾಗರದಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಈ ಸಲದ ಸ್ಕೀ ರಜೆಗೆ ಹೊಸ ಜಾಗ ನೋಡ್ತಿದ್ದೀವಿ ಅಂದೆ. ಊರು ಯಾವುದು, ಬಾಡಿಗೆ ಎಷ್ಟು ಅಂತ ಒಂದೂ ಕೇಳಲಿಲ್ಲ.

‘ಮೆಟ್ಟಿಲು ಎಷ್ಟಿದೆ ಕೇಳಿದ್ಯಾ?’ ಅಂದಳು.