ತಲೆಗೆ ಹುಳ ಬಿಟ್ಕೊಂಡ ಕಥೆ

ಇಲ್ಲಿ ಬರೆದು ಬಹಳ ದಿನ ಆಯ್ತು. ಕಾರಣ ಆಫೀಸಲ್ಲ, ಹುಳ!

ಹೋದ ವರ್ಷ ಸನ್ನಿವೇಲ್‌ನ ನನ್ನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ 75 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟೆ. ಅದಕ್ಕೆ 'ಲೈವ್ ರಾಕ್' ಅಂತ ಸಮುದ್ರದ ತೂತುತೂತು ಕಲ್ಲು ಹಾಕ್ತಾರೆ. ಕಲ್ಲಿನ ಜೊತೆ ಅದರ ಬಾಡಿಗೆದಾರರೂ ಪುಕ್ಕಟೆ ಬರ್ತಾರೆ.

ಒಂದು ಬೆಳಿಗ್ಗೆ ನೋಡಿದ್ರೆ ನನ್ನ ಒಂದೇ ಒಂದು ಕ್ಲೌನ್ ಫಿಶ್ ತಳದಲ್ಲಿ ಸತ್ತು ಬಿದ್ದಿದೆ, ಮೈಮೇಲೆ ನಾಲ್ಕೈದು ಗುಲಾಬಿ ಹುಳ. ಸಿಟ್ಟಲ್ಲಿ ಚಿಮಟ ತಗೊಂಡು ಎರಡನ್ನ ಎಳೆದು ಸಾಯಿಸಿದೆ. ಮೂರನೇದಕ್ಕೆ ಬೆರಳೇ ಹಾಕಿದೆ ನೋಡಿ... ಪಾಪಸುಕಳ್ಳಿ ಮುಟ್ಟಿದ ಹಾಗಾಯ್ತು. ಸೆಲ್ಲೋಟೇಪ್ ಅಂಟಿಸಿ ಕಿತ್ತು ಮುಳ್ಳು ತೆಗೆದರೂ ಎರಡು ದಿನ ಉರಿ. ಅಮ್ಮನಿಗೆ ಫೋನಲ್ಲಿ "ಹುಳ ಮೀನು ತಿಂದುಬಿಡ್ತು" ಅಂದೆ. "ಮೀನು ಸಾಕೋದು ಸರಿ, ಹುಳಾನೂ ಸಾಕ್ತಿದ್ದೀಯೇನೋ?" ಅಂದ್ಲು.

ಆಮೇಲೆ ಓದೋಕೆ ಕೂತು ಇನ್ನೂ ಹೆದರಿದೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕೀ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳ ಯಾಕೋ ಹಾಳಾಗ್ತಿದೆ ಅಂತ ಕಲ್ಲು ಬಿಚ್ಚಿ ನೋಡಿದಾಗ ನಾಲ್ಕಡಿ ಉದ್ದದ ಯೂನಿಸಿಡ್ ಹುಳ ಸಿಕ್ಕಿತ್ತು! ಅದಕ್ಕೆ ಬ್ಯಾರಿ ಅಂತ ನಾಮಕರಣ ಬೇರೆ.

ನನ್ನದೂ ಬ್ಯಾರಿ ವಂಶವಾ? ರಾತ್ರಿ ಒಂದು ಗಂಟೆಗೆ ದೀಪ ಆರಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಭೂತಗನ್ನಡಿ ಹಿಡಿದು ಕೂತೆ. ಯೂನಿಸಿಡ್ ಆದ್ರೆ ತಲೆಯಲ್ಲಿ ಐದು ಮೀಸೆ, ಗಟ್ಟಿ ದವಡೆ, ಕಾಮನಬಿಲ್ಲಿನ ಹೊಳಪು. ಮುಕ್ಕಾಲು ಗಂಟೆ ಆದಮೇಲೆ ಒಂದು ತೂತಿನಿಂದ ಮೆಲ್ಲಗೆ ಹೊರಗೆ ಬಂತು. ಹೊಳಪಿಲ್ಲ, ಐದು ಮೀಸೆ ಎದ್ದು ಕಾಣಲಿಲ್ಲ. ಮೈಯುದ್ದಕ್ಕೂ ಎರಡೂ ಕಡೆ ಬಿಳಿ ಕೂದಲಿನ ಕುಚ್ಚು. ಸಾಧಾರಣ ಬ್ರಿಸಲ್ ವರ್ಮ್, ನಮ್ಮ ಎರೆಹುಳದ ದೂರದ ನೆಂಟ. ದವಡೆಯೇ ಇಲ್ಲದ ಪ್ರಾಣಿ. ಮೀನು ತಿಂದು ಬಿಟ್ಟದ್ದು, ಸತ್ತದ್ದು, ಕೊಳೆತದ್ದು ತಿಂದು ತೊಟ್ಟಿ ಚೊಕ್ಕಟ ಇಡುತ್ತೆ.

ಹಾಗಾದ್ರೆ ಮೀನು ಸತ್ತಿದ್ದು ಹೇಗೆ? ಹೈಡ್ರೋಮೀಟರ್ ಅದ್ದಿದೆ. 1.025ರ ಸುತ್ತ ಇರಬೇಕಾದದ್ದು 1.033 ತೋರಿಸ್ತು. ನೀರು ಆವಿಯಾದ್ರೂ ಉಪ್ಪು ಅಲ್ಲೇ ಉಳಿಯುತ್ತೆ, ಹಾಗಾಗಿ ಕಡಿಮೆಯಾದಷ್ಟು ಸಿಹಿನೀರು ತುಂಬಬೇಕು. ನಾನು ಒಂದು ತಿಂಗಳಿಂದ ಉಪ್ಪುನೀರೇ ತುಂಬ್ತಿದ್ದೆ. ಇಂಜಿನಿಯರಿಂಗ್ ಡಿಗ್ರಿ ಬೇರೆ ಕೇಡು! ಬಗ್ ರಿಪೋರ್ಟ್ ಕೊಟ್ಟವನನ್ನೇ ಕೆಲಸದಿಂದ ತೆಗೆದ ಹಾಗಾಯ್ತು ನನ್ನ ಕಥೆ.

ಈಗ ದಿನಕ್ಕೆ ಸ್ವಲ್ಪ ಸ್ವಲ್ಪವೇ ಉಪ್ಪು ಇಳಿಸ್ತಿದ್ದೀನಿ. ಹೊಸ ಮೀನು ಸದ್ಯಕ್ಕೆ ಬೇಡ. ನಿನ್ನೆ ಅಮ್ಮ ಫೋನ್ ಮಾಡಿ, "ಆ ದರಿದ್ರ ಹುಳಗಳು ಸತ್ತುವೇನೋ?" ಅಂದ್ಲು.

"ಎರಡು ಸತ್ತವು ಕಣಮ್ಮ" ಅಂದೆ. ಉಪ್ಪಿನ ವಿಷಯ ಇನ್ನೂ ಹೇಳಿಲ್ಲ.