ಹಣಿಗೆಯಲ್ಲಿ ಹಾಯುವ ಗಂಟು

ಬನಹಟ್ಟಿಯ ಕಾಕಾನ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ಮಾತಾಡಿಸುವುದು ಮಗ್ಗದ ಸದ್ದು. ಈ ಸಲ ಹೋದಾಗ ಅದು ಸುಮ್ಮನಿತ್ತು. ಹಾಸು ಮುಗಿದಿತ್ತು. ಕಾಕಾ ಮಗ್ಗದ ಹಿಂದೆ ಕೂತು ಹಳೆ ಹಾಸಿನ ಒಂದೊಂದೇ ಎಳೆಗೆ ಹೊಸ ಹಾಸಿನ ಎಳೆ ಕೂಡಿಸುತ್ತಿದ್ದರು. ಗಂಟು ದಪ್ಪವಾದರೆ ಹಣಿಗೆಯಲ್ಲಿ ಹಾಯದೆ ಎಳೆ ಹರಿಯುತ್ತದೆ. ಸಡಿಲಾದರೆ ನೇಯುವಾಗ ಬಿಚ್ಚುತ್ತದೆ. ಕೈ ನಿಲ್ಲಿಸದೆ ಕೇಳಿದರು: “ನೀ ಬೆಂಗಳೂರಾಗ ಮಾಡೂದರ ಏನಪಾ?”

“ಸಾಫ್ಟ್‌ವೇರ್ ಬರೀತೀನಿ ಕಾಕಾ.”

“ಪೂರಾ ನೀನ ಬರೀತಿ?”

ಇಲ್ಲ ಅಂದೆ. ನಾನು ನೇಯುವುದು ಸೆರಗಿನಷ್ಟು, ಒಡಲಿನ ನೂಲೆಲ್ಲ ಬೇರೆಯವರದು. ಜಾವಾಸ್ಕ್ರಿಪ್ಟ್‌ನವರಿಗೆ ಎನ್‌ಪಿಎಂ, ಪೈಥಾನ್‌ನವರಿಗೆ ಪೈಪಿಐ ಎಂಬ ಸಾರ್ವಜನಿಕ ಭಂಡಾರಗಳಿವೆ. ಬರೆದವರು ತಮ್ಮ ಕೋಡನ್ನು ಪ್ಯಾಕೇಜ್ ಕಟ್ಟಿ ಅಲ್ಲಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಒಂದನ್ನು ಕರೆದರೆ ಅದು ನಂಬಿಕೊಂಡ ಹತ್ತು, ಆ ಹತ್ತು ನಂಬಿಕೊಂಡ ನೂರು ಹಿಂದೆಯೇ ಬರುತ್ತವೆ. ಹೀಗೆ ಬೆನ್ನುಹತ್ತಿ ಬಂದವುಗಳನ್ನು ಡಿಪೆಂಡೆನ್ಸಿ ಅನ್ನುತ್ತೇವೆ. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಸರಕು ಗಿರಾಕಿಗೆ ಒಪ್ಪಿಸುವ ಹಿಂದಿನ ವಾರ ವಕೀಲರು ಒಳಗೆ ಏನೇನಿದೆ ಎಂದು ಪಟ್ಟಿ ಕೇಳಿದರು. ಕೈಯಾರೆ ಕರೆದದ್ದು ಮೂವತ್ತು ಚಿಲ್ಲರೆ, ಒಳಗಿದ್ದದ್ದು ಎಂಟುನೂರರ ಮೇಲೆ. ಅದರಲ್ಲೊಂದಕ್ಕೆ ಲೈಸೆನ್ಸೇ ಇರಲಿಲ್ಲ.

ಲೈಸೆನ್ಸ್ ಇಲ್ಲದ್ದು ಯಾರ ಸ್ವತ್ತೂ ಅಲ್ಲ ಎಂದು ಬಹಳ ಜನ ತಿಳಿಯುತ್ತಾರೆ. ಇರುವುದು ತಿರುವುಮುರುವು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ಬರೆದವರು ಅನುಮತಿ ಕೊಡದೆ ನಕಲು ಮಾಡುವ ಹಾಗಿಲ್ಲ. ಎದುರಿಗೆ ಬಿಚ್ಚಿಟ್ಟ ಮಾತ್ರಕ್ಕೆ ಒಯ್ಯಲು ಹೇಳಿದಂತಲ್ಲ. ಆ ವಾರವೆಲ್ಲ ನಾವು ಆ ಒಂದು ಎಳೆ ಕಿತ್ತು ಬೇರೆಯದು ಕೂಡಿಸುತ್ತ ಕೂತೆವು.

ಸಾಹಿತ್ಯ ಕೃತಿ ಅಂದಾಗ ನನಗೆ ಪಕ್ಕದ ಮುಧೋಳ ನೆನಪಾಗುತ್ತದೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಊರು ಅದು. ಅವನಿಂದ 993ರಲ್ಲಿ ಅಜಿತಪುರಾಣ ಬರೆಸಿದ ಅತ್ತಿಮಬ್ಬೆ ಇನ್ನೊಂದು ದೊಡ್ಡ ಕೆಲಸ ಮಾಡಿದಳು: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ತಾಳೆಗರಿಯ ಮೇಲೆ ಕೈಯಿಂದ ಸಾವಿರ ಪ್ರತಿ! ಒಂದು ಮನೆಗೆ ಗೆದ್ದಲು ಹಿಡಿದರೆ ಇನ್ನೊಂದು ಮನೆಯಲ್ಲಿ ಉಳಿಯಲಿ ಎಂಬ ಈ ಎಚ್ಚರ ನಮ್ಮ ಕಸುಬಿನವರಿಗೆ ತಡವಾಗಿ ಬಂತು.

2016ರ ಮಾರ್ಚ್ 22ರಂದು ಬಂತು. ಆಜೆರ್ ಕೊಚುಲು ಎಂಬವರ ಒಂದು ಪ್ಯಾಕೇಜಿನ ಹೆಸರಿಗಾಗಿ ಒಂದು ಕಂಪನಿ ತಕರಾರು ತೆಗೆಯಿತು. ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ಬಿಟ್ಟುಕೊಟ್ಟಿತು. ನೊಂದ ಅವರು ಭಂಡಾರದಲ್ಲಿದ್ದ ತಮ್ಮ ಪ್ಯಾಕೇಜುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡರು. ಅವುಗಳಲ್ಲಿ ಲೆಫ್ಟ್-ಪ್ಯಾಡ್ ಒಂದು. ಹನ್ನೊಂದು ಸಾಲು, ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ಜಗತ್ತಿನಾದ್ಯಂತ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್, ಅಂದರೆ ಎಳೆಗಳನ್ನೆಲ್ಲ ಕೂಡಿಸಿ ಸರಕು ಕಟ್ಟುವ ಕೆಲಸ, ಮುರಿದುಬಿತ್ತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಇಡಲಾಯಿತು. ಇಡಲು ಹಕ್ಕಿತ್ತು, ಯಾಕೆಂದರೆ ಯಾರು ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅವರೇ ಲೈಸೆನ್ಸಿನಲ್ಲಿ ಬರೆದಿದ್ದರು. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದಾಗ ಬೀಳಗಿ ತಾಲ್ಲೂಕಿನ ಹೊಲಗಳು ಮುಳುಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಲ್ಲೋ ಆದ ತೀರ್ಮಾನ ನಮ್ಮ ಅಂಗಳಕ್ಕೆ ಬರುತ್ತದೆ. ಲಾಕ್ ಫೈಲ್ ಎಂಬ ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಆವೃತ್ತಿಯನ್ನೂ ಗುರುತನ್ನೂ ಬರೆದಿಡುವುದು, ನಮ್ಮದೇ ಒಂದು ಪ್ರತಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ನೀರಿನ ಮಾತು ಬಂದ ಮೇಲೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗದೆ ಇರಲಾರೆ. ಅಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ದಾರಿ ಕಾಯದೆ ತಾವೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಹೊಳೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಕಟ್ಟಿದ್ದು 1989ರಲ್ಲಿ. ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಪಿಎಲ್ ಲೈಸೆನ್ಸಿನ ಮೊದಲ ಆವೃತ್ತಿ ಹೊರತಂದರು. ಈ ಕೋಡು ಒಯ್ಯಿರಿ, ತಿದ್ದಿರಿ, ಬೇಕಾದರೆ ಮಾರಿರಿ. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಮೂಲ ಕೋಡನ್ನೂ ಇದೇ ಶರತ್ತಿನ ಮೇಲೆ ಕೊಡಿ ಎನ್ನುವುದು ಅದರ ಸಾರ. ಎಂಐಟಿ ಲೈಸೆನ್ಸ್ ಅಷ್ಟೂ ಕೇಳುವುದಿಲ್ಲ, ಬರೆದವರ ಹೆಸರನ್ನೂ ಲೈಸೆನ್ಸಿನ ಒಕ್ಕಣೆಯನ್ನೂ ಉಳಿಸಿಕೊಂಡರೆ ಸಾಕು. ಅಷ್ಟು ಸಣ್ಣ ಋಣವನ್ನೂ ಎಷ್ಟೋ ಕಡೆ ತೀರಿಸದೆ ಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ. ಬ್ಯಾರೇಜಿನ ನೀರು ಉಂಡವನು ಕಟ್ಟಿದವರ ಹೆಸರು ಅಳಿಸಿದರೆ ಊರು ಸುಮ್ಮನಿರುತ್ತದೆಯೇ?

ಹೆಸರು ಉಳಿಸಿದರೆ ಮುಗಿಯುವುದೂ ಇಲ್ಲ. ಕಟ್ಟಿದ್ದನ್ನು ದಿನವೂ ನೋಡಿಕೊಳ್ಳುವವರು ಬೇಕು. ಲಿನಕ್ಸ್‌ ಲೋಕವೆಲ್ಲ ಬಳಸುವ ಎಕ್ಸ್‌ಝೆಡ್ ಎಂಬ ಸಂಕೋಚನ ಸಾಧನವನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ. ದಣಿದಿದ್ದ ಅವರಿಗೆ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬ ನೆರವಿಗೆ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಒಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್. ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಅವರು ಬೆನ್ನುಹತ್ತಿದ್ದರು. ಮಗ್ಗದ ಸದ್ದಿನಲ್ಲಿ ಒಂದು ಬಡಿತ ತಪ್ಪಿದರೆ ಊಟದ ಗಂಗಾಳ ಬಿಟ್ಟು ಏಳುವ ಕಾಕಾನ ಕಿವಿಯಂಥ ಕಿವಿ ಅದು.

ದಣಿದವರ ಬೆನ್ನಿಗೆ ನಿಲ್ಲುವ ಕೆಲಸ ನಮ್ಮ ನಾಡಿನಲ್ಲೂ ಶುರುವಾಗಿದೆ ಎನ್ನಲು ಸಂತೋಷ. ಬೆಂಗಳೂರಿನ ಜೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಘೋಷಿಸಿತು. ಮುಕ್ತ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ 10 ಲಕ್ಷ ಡಾಲರ್. ಲಾಭ ಮಾಡುವ ಎಲ್ಲರೂ ತಮ್ಮ ಕೈಲಾದಷ್ಟು ಹಾಕಬೇಕು. ದುಡ್ಡಿಲ್ಲದವರು ಕೆಲಸ ಹಾಕಬಹುದು.

ಇದನ್ನೆಲ್ಲ ಅಂದು ಕಾಕಾಗೆ ಹೇಳುವಷ್ಟರಲ್ಲಿ ಕಾಕು ಎರಡು ಸಲ ಚಹಾ ತಂದಿಟ್ಟರು. ಬೆಂಗಳೂರಿಗೆ ಬಂದ ಮೇಲೆ ನಾವು ದಿನವೂ ಬಳಸುವ ಒಂದು ಪ್ಯಾಕೇಜಿನಲ್ಲಿ ಕನ್ನಡ ಅಂಕಿಗಳು ತಪ್ಪಾಗಿ ಬೀಳುತ್ತಿದ್ದುದನ್ನು ತಿದ್ದಿ ಅದರ ಒಡೆಯನಿಗೆ ಕಳಿಸಿದೆ. ನಾಲ್ಕು ಸಾಲು. ಮೂರು ವಾರದ ಮೇಲೆ ಸೇರಿಸಿಕೊಂಡರು. ಆ ರಾತ್ರಿ ಊರಿಗೆ ಫೋನ್ ಮಾಡಿದೆ.

“ಎಷ್ಟು ಎಳಿ ಕೂಡಿಸಿದಿ?”

“ಒಂದ ಕಾಕಾ.”

“ಹಣಿಗ್ಯಾಗ ಹಾದು ಹೋತಿಲ್ಲೊ ಗಂಟು?”

“ಹೋತ್ರಿ.”